ಕಾವಡಿ ಹೊತ್ತವರು

ಶ್ರವಣಕುಮಾರನ ಕಥೆಯನ್ನು ಕೇಳದ ಮಕ್ಕಳು ಕನ್ನಡ ನಾಡಿನಲ್ಲಿ ವಿರಳ. ಕಣ್ಣು ಕಾಣದ ತಾಯಿತಂದೆಯರನ್ನು ಕಾವಡಿಯ ಎರಡು ಬುಟ್ಟಿಗಳಲ್ಲಿ ಕುಳ್ಳಿರಿಸಿ, ಹೆಗಲ ಮೇಲೆ ಹೊತ್ತು ತೀರ್ಥಯಾತ್ರೆ ಮಾಡಿಸಿದ ಮಗ ಅವನು. ಮಾತಾಪಿತೃಸೇವೆಗೆ ಅವನನ್ನು ಮೀರಿದ ಮಾದರಿಯಿಲ್ಲವೆಂದು ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಆದರೆ ಕಥೆಯ ಕೊನೆಯನ್ನು ಅಷ್ಟು ಗಮನವಿಟ್ಟು ಕೇಳುವವರು ಕಡಿಮೆ. ನೀರು ತರಲೆಂದು ಹೋದ ಶ್ರವಣನಿಗೆ ದಶರಥನ ಬಾಣ ತಗುಲಿತು. ಮಗ ಮಡಿದನೆಂಬ ವಾರ್ತೆಯನ್ನು ಕೇಳಿ ಆ ವೃದ್ಧರೂ ಪ್ರಾಣ ಬಿಟ್ಟರು. ಪುತ್ರಶೋಕದಿಂದ ಸತ್ತರೆಂದು ಕಥೆ ಹೇಳುತ್ತದೆ. ಅದು ಸರಿಯೇ. ಅದರೊಡನೆ ಇನ್ನೊಂದು ಮಾತನ್ನೂ ಸೇರಿಸಬಹುದು. ಆ ಅರಣ್ಯದಲ್ಲಿ ಅವರಿಗೆ ಇದ್ದವನು ಅವನೊಬ್ಬನೇ. ಕಾವಡಿಗೆ ಹೆಗಲು ಕೊಡುವ ಎರಡನೆಯವನು ಇರಲಿಲ್ಲ. ಒಂದು ತಂಬಿಗೆ ನೀರು ಕೊಡುವ ನೆರೆಮನೆಯೂ ಇರಲಿಲ್ಲ. ಒಂದೇ ಬಾಣಕ್ಕೆ ಮೂರು ಜೀವಗಳು ಹೋದವು.

ವೃದ್ಧರ ವಿಚಾರವಾಗಿ ಇಂದು ಸಭೆಗಳಲ್ಲಿ, ಪತ್ರಿಕೆಗಳಲ್ಲಿ ನಡೆಯುವ ಚರ್ಚೆಯೆಲ್ಲ ಸಾಮಾನ್ಯವಾಗಿ ಒಂದೇ ಪ್ರಶ್ನೆಯನ್ನು ಸುತ್ತುತ್ತಿರುತ್ತದೆ: ಮಕ್ಕಳು ತಾಯಿತಂದೆಯರನ್ನು ನೋಡಿಕೊಳ್ಳುತ್ತಿದ್ದಾರೆಯೆ, ಇಲ್ಲವೆ? ನೋಡಿಕೊಳ್ಳದವರನ್ನು ನಿಂದಿಸಿ, ನೋಡಿಕೊಳ್ಳುವವರನ್ನು ಹೊಗಳಿ ಆ ಚರ್ಚೆ ಮುಗಿಯುತ್ತದೆ. ನೋಡಿಕೊಳ್ಳುವವರಿಗೆ ಆಸರೆ ಯಾರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಹೊಗಳಿಕೆಯಿಂದ ಹೆಗಲಿನ ನೋವು ಇಳಿಯುವುದಿಲ್ಲವಷ್ಟೆ.

ಉಡುಪಿ ಜಿಲ್ಲೆಯ ಪೆರ್ಡೂರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಲ್ಪೆಯಿಂದ ಹೊರಟು ಉಡುಪಿ, ಮಣಿಪಾಲ, ಹಿರಿಯಡಕಗಳನ್ನು ದಾಟಿ ಹೆಬ್ರಿ, ಆಗುಂಬೆಗಳ ಕಡೆಗೆ ಏರುವ ಹೆದ್ದಾರಿಯ ಮಗ್ಗುಲಲ್ಲಿ ಈ ಊರು ಇದೆ. ಕದಳೀಪ್ರಿಯನೆಂದು ಹೆಸರಾದ ಅನಂತಪದ್ಮನಾಭನ ದೇವಾಲಯ ಇಲ್ಲಿಯದು. ಯಕ್ಷಗಾನದ ಪೆರ್ಡೂರು ಮೇಳವನ್ನು ಕರಾವಳಿಯಲ್ಲಿ ಅರಿಯದವರಿಲ್ಲ. ಸೋಣ ತಿಂಗಳ ಸಂಕ್ರಮಣದಂದು ಹೊಸದಾಗಿ ಮದುವೆಯಾದ ದಂಪತಿಗಳು ದೂರದೂರದಿಂದ ಬಂದು ಇಲ್ಲಿ ದೇವರ ದರ್ಶನ ಮಾಡುತ್ತಾರೆ. ಜನ ಅದನ್ನು ಮದುಮಕ್ಕಳ ಜಾತ್ರೆಯೆಂದೇ ಕರೆಯುತ್ತಾರೆ. ಆ ಜಾತ್ರೆಯ ದಿನ ದೇವಾಲಯದ ಅಂಗಳವೆಲ್ಲ ಯೌವನದಿಂದ ತುಂಬಿರುತ್ತದೆ. ಮಾರನೆಯ ದಿನ ಆ ತರುಣ ತರುಣಿಯರಲ್ಲಿ ಬಹುಮಂದಿ ಬೆಂಗಳೂರಿನ, ಮುಂಬಯಿಯ ಬಸ್ಸು ಹತ್ತುತ್ತಾರೆ. ಕೆಲವರು ಕೊಲ್ಲಿ ರಾಷ್ಟ್ರಗಳಿಗೆ ವಿಮಾನ ಏರುತ್ತಾರೆ. ಊರಿನಲ್ಲಿ ಉಳಿಯುವವರು ಅಜ್ಜ ಅಜ್ಜಿಯರು, ಮತ್ತು ಅವರನ್ನು ನೋಡಿಕೊಳ್ಳಲೆಂದು ಉಳಿದುಕೊಂಡ ಒಬ್ಬಿಬ್ಬರು ಹೆಂಗಸರು.

ಹೀಗೆ ಊರು ಬಿಡುವುದು ಹೊಸದೇನೂ ಅಲ್ಲ. ಮದರಾಸು, ಮುಂಬಯಿಗಳಲ್ಲಿ ಉಡುಪಿಯ ಹೆಸರನ್ನು ನೆಲೆಗೊಳಿಸಿದ ಹೋಟೆಲುಗಳಿಗಾಗಿ ಹುಡುಗರು ಹೊರಟು ನೂರು ವರ್ಷಗಳಾಗಿವೆ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರಿದ್ದರು. ಇಡೀ ರಾಜ್ಯದ ಸರಾಸರಿ 973 ಮಾತ್ರ. ದುಡಿಯುವ ವಯಸ್ಸಿನ ಗಂಡಸರು ಹೊರಗೆ ಹೋದುದು ಈ ಅಂಕಿಗೆ ಮುಖ್ಯವಾದ ಒಂದು ಕಾರಣ. ಅದೇ ಗಣತಿಯ ಪ್ರಕಾರ ಭಾರತದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚು. ವೈದ್ಯಶಾಸ್ತ್ರ ಬೆಳೆದಂತೆ ಆಯುಸ್ಸು ಬೆಳೆದಿದೆ; ಅದು ಸಂತೋಷದ ಸಂಗತಿ. ಆದರೆ ಆಯುಸ್ಸಿನ ಕೊನೆಯ ಐದಾರು ವರ್ಷಗಳನ್ನು ಇನ್ನೊಬ್ಬರ ಕೈ ಹಿಡಿದೇ ಕಳೆಯಬೇಕಾದವರ ಸಂಖ್ಯೆಯೂ ಅದರೊಡನೆ ಬೆಳೆದಿದೆ.

ಹಿಂದಿನ ಕಾಲದಲ್ಲಿ ಅವಿಭಕ್ತ ಕುಟುಂಬವಿತ್ತು, ಆಗ ಈ ಕಷ್ಟವೇ ಇರಲಿಲ್ಲ ಎಂದು ಹೇಳುವವರುಂಟು. ಈ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿದ ಮನೆಯಲ್ಲಿ ಹಕ್ಕಿತ್ತು. ವಯಸ್ಸಾದ ತಾಯಿಗೆ ಮಗಳ, ಮಗಳ ಮಗಳ ಆಸರೆ ಒಂದೇ ಸೂರಿನಡಿ ದೊರೆಯುತ್ತಿತ್ತು. 1949ರ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂತು. 1974ರ ಭೂಸುಧಾರಣೆಯಿಂದ ಉಳುವವರಿಗೆ ಭೂಮಿ ದೊರೆಯಿತು. ಇವುಗಳಿಂದ ಆದ ಒಳಿತನ್ನು ಯಾವ ನ್ಯಾಯಬುದ್ಧಿಯುಳ್ಳವನೂ ಅಲ್ಲಗಳೆಯಲಾರ. ಗುತ್ತಿನ ದೊಡ್ಡ ಮನೆಗಳು ಹಂಚಿಹೋಗಿ, ತೋಟದ ನಡುವೆ ಒಂದೊಂದು ಚಿಕ್ಕ ಮನೆ ಎದ್ದಿತು. ಆದರೆ ಆ ದೊಡ್ಡ ಮನೆಯಲ್ಲಿ ಇಪ್ಪತ್ತು ಮಂದಿ ಇದ್ದಾಗಲೂ ಹಾಸಿಗೆ ಹಿಡಿದ ಅಜ್ಜಿಯ ಬಟ್ಟೆ ಒಗೆಯುತ್ತಿದ್ದವರು ಇಪ್ಪತ್ತು ಮಂದಿಯಲ್ಲ. ಆ ಕೆಲಸ ಬೀಳುತ್ತಿದ್ದುದು ವಿಧವೆಯಾಗಿ ಮರಳಿದ ಒಬ್ಬ ಮಗಳ ಮೇಲೆ, ಇಲ್ಲವೆ ಮದುವೆಯಾಗದೆ ಉಳಿದ ಒಬ್ಬ ತಂಗಿಯ ಮೇಲೆ. ಹಳೆಯ ಕುಟುಂಬವನ್ನು ನೆನೆದು ನಿಟ್ಟುಸಿರುಬಿಡುವವರು ಅವಳನ್ನೂ ನೆನೆಯಬೇಕು. ಚಾವಡಿಯಲ್ಲಿ ಕುಳಿತು ಊರಿನ ನ್ಯಾಯ ತೀರ್ಮಾನ ಮಾಡುತ್ತಿದ್ದವರ ಹೆಸರುಗಳು ಉಳಿದಿವೆ. ಒಳಕೋಣೆಯಲ್ಲಿ ದುಡಿದವಳ ಹೆಸರು ಉಳಿದಿಲ್ಲ.

ಇಂದಿನ ಚಿಕ್ಕ ಮನೆಯಲ್ಲಿ ಅವಳ ಸ್ಥಿತಿ ಹೇಗಿದೆ? ಪೆರ್ಡೂರಿನ ಸುತ್ತಿನ ಒಂದು ಬೈಲಿನ ಮನೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಸೊಸೆಗೆ ಐವತ್ತರ ಪ್ರಾಯ, ಅತ್ತೆಗೆ ಎಂಬತ್ತು ದಾಟಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿಬಿದ್ದು ಅತ್ತೆಯ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಆಕೆ ಹಾಸಿಗೆಯಲ್ಲಿ. ಗಂಡ ಮುಂಬಯಿಯ ಹೋಟೆಲಿನಲ್ಲಿ, ಮಗ ಬೆಂಗಳೂರಿನಲ್ಲಿ. ಸೊಸೆ ನಸುಕಿನಲ್ಲೆದ್ದು ದನದ ಹಾಲು ಕರೆದು ಸೊಸೈಟಿಗೆ ಮುಟ್ಟಿಸಿ ಬರಬೇಕು. ಅಷ್ಟರಲ್ಲಿ ಅತ್ತೆಗೆ ಎಚ್ಚರವಾಗಿರುತ್ತದೆ. ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಬೇಕು. ಹಾಸಿಗೆಯ ಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಅದೂ ಒಬ್ಬಳೇ. ನಡುವೆ ದೊರೆತ ಹೊತ್ತಿನಲ್ಲಿ ಬೀಡಿ ಕಟ್ಟಿದರೆ ವಾರಕ್ಕೊಮ್ಮೆ ಒಂದಿಷ್ಟು ಹಣ. ರಾತ್ರಿ ಮೂರು ಸಲ, ನಾಲ್ಕು ಸಲ ಕರೆ ಬರುತ್ತದೆ. ಕಾರ್ಕಳದಲ್ಲಿ ತವರಿನ ಕಡೆಯವರ ಮದುವೆ ಇದ್ದರೆ ಅವಳು ಹೋಗಲಾರಳು. ತನ್ನ ಮಂಡಿನೋವಿಗೆ ಔಷಧ ತರಲೂ ಅವಳಿಗೆ ಬಿಡುವಿಲ್ಲ. ನೆಂಟರು ಹಣ್ಣು, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬರುತ್ತಾರೆ. “ಅತ್ತೆ ಹೇಗಿದ್ದಾರೆ?” ಎಂದು ಕೇಳುತ್ತಾರೆ; ಹಾಸಿಗೆಯ ಬಳಿ ಅರ್ಧ ಗಂಟೆ ಕುಳಿತು, ಚಹಾ ಕುಡಿದು ಹೊರಡುತ್ತಾರೆ. ಆ ಚಹಾವನ್ನು ಮಾಡಿ ತಂದವಳೂ ಅವಳೇ. “ನೀನು ಹೇಗಿದ್ದೀಯಮ್ಮ?” ಎಂದು ಕೇಳುವವರು ನೂರರಲ್ಲಿ ಒಬ್ಬರು.

ದೇಹದ ಕಾಯಿಲೆಗಿಂತ ಮರೆವಿನ ಕಾಯಿಲೆ ಇನ್ನೂ ಕಠಿಣ. ಅರುವತ್ತಕ್ಕೆ ಅರಳು ಮರಳು ಎಂಬ ಗಾದೆ ಕನ್ನಡದಲ್ಲಿ ಬಹಳ ಹಳೆಯದು. ಈ ಗಾದೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆ ಎನ್ನಬೇಕು. ವೃದ್ಧರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ನಡುರಾತ್ರಿ ಬಾಗಿಲು ತೆರೆದು ಹೊರಟುಬಿಟ್ಟರೆ, ಸ್ವಂತ ಸೊಸೆಯನ್ನೇ ಕಳ್ಳಿಯೆಂದು ದೂರಿದರೆ, ಮನೆಯವರು ಅದನ್ನು ವಯೋಧರ್ಮವೆಂದೋ ಹಟವೆಂದೋ ತಿಳಿಯುತ್ತಾರೆ. ಅದು ಮಿದುಳಿನ ಕಾಯಿಲೆಯಾಗಿರಬಹುದೆಂದು ವೈದ್ಯರು ನೂರು ವರ್ಷಗಳಿಂದ ಬಲ್ಲರು. ಜರ್ಮನಿಯ ಆಲೋಯಿಸ್ ಆಲ್ಝೈಮರ್ ಅದರ ಒಂದು ಬಗೆಯನ್ನು ವಿವರಿಸಿದ್ದು 1906ರಲ್ಲಿ. ಕರ್ನಾಟಕ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಜೊತೆಗೂಡಿ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು 2022ರಲ್ಲಿ ಆರಂಭಿಸಿತು. ಆದರೆ ಹಳ್ಳಿಯ ಮನೆಯಲ್ಲಿ ಇಂದಿಗೂ ಗಾದೆಯೇ ವೈದ್ಯ. ಕಾಯಿಲೆಯೆಂದು ತಿಳಿದರೆ ಅದು ಗುಣವಾಗಿಬಿಡುವುದಿಲ್ಲ, ನಿಜ. ಆದರೆ ದೂರು ಕೇಳಬೇಕಾದ ಸೊಸೆಯ ಮನಸ್ಸಿಗೆ ಅಷ್ಟು ತಿಳಿವಳಿಕೆಯೂ ದೊಡ್ಡ ಸಮಾಧಾನ.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂದಿತು. ಅದರಲ್ಲಿ ಊರವರು ಅರಳು ಮರಳೆಂದು ತಳ್ಳಿಹಾಕಬಹುದಾದ ಅಜ್ಜಿಯ ಮಾತುಗಳಿಗೆ ಕಿವಿಗೊಡಲು ಸುಬ್ಬರಾಯನೆಂಬ ಮೊಮ್ಮಗನಿದ್ದಾನೆ. ಅವನಿಗೆ ಅವಳ ಬಳಿ ಕುಳಿತುಕೊಳ್ಳಲು ಬಿಡುವಿದೆ. ಹಾಲು, ಬೀಡಿ, ಬಟ್ಟೆಗಳ ನಡುವೆ ಓಡಾಡುವವಳಿಗೆ ಆ ಬಿಡುವೇ ಇಲ್ಲ. ಅತ್ತೆಯ ಮೇಲೆ ಅವಳಿಗೆ ಪ್ರೀತಿಯಿಲ್ಲವೆಂದಲ್ಲ. ದಣಿವು ಪ್ರೀತಿಯನ್ನು ಸಿಡುಕಿನ ಮಾತಾಗಿ ಹೊರಡಿಸುತ್ತದೆ. ಆಮೇಲೆ ಅವಳೇ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಿದೆ. 2021ರಲ್ಲಿ ಅದರ ಮಾಸಿಕ ಮೊತ್ತವನ್ನು 1200 ರೂಪಾಯಿಗೆ ಏರಿಸಲಾಯಿತು. ಹಿರಿಯರು ಕಷ್ಟ ಹೇಳಿಕೊಳ್ಳಲು 14567 ಎಂಬ ಸಹಾಯವಾಣಿ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಿಂದ ಕೆಲಸ ಮಾಡುತ್ತಿದೆ. ಅದು ನಿರ್ಗತಿಕರಿಗೆ ಮಾಸಾಶನ ಕೊಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, 2007ರಲ್ಲಿ ತಾಯಿತಂದೆಯರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂದಿದೆ. ಮಕ್ಕಳು ಕೈಬಿಟ್ಟರೆ ವೃದ್ಧರು ವಕೀಲರ ಹಂಗಿಲ್ಲದೆ ನ್ಯಾಯಮಂಡಲಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ನಡೆಯದಿದ್ದರೆ, ಹಿಂದಕ್ಕೆ ಪಡೆಯಲೂ ಅವಕಾಶವಿದೆ. ಇದು ಅಗತ್ಯವಾಗಿದ್ದ ಕಾನೂನು.

ಈ ಕಾನೂನಿನಲ್ಲಿ ಒಂದು ವಿಚಿತ್ರವಿದೆ. ‘ಮಕ್ಕಳು’ ಎಂಬ ಪದಕ್ಕೆ ಅದು ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದು ಅರ್ಥ ಹೇಳುತ್ತದೆ. ಸೊಸೆಯ ಹೆಸರು ಅಲ್ಲಿಲ್ಲ. ಮನೆಯಲ್ಲಿ ಕೆಲಸವೆಲ್ಲ ಅವಳದು, ಕಾಯಿದೆಯಲ್ಲಿ ಅವಳಿಲ್ಲ! 2019ರಲ್ಲಿ ಸಂಸತ್ತಿನ ಮುಂದೆ ಬಂದ ತಿದ್ದುಪಡಿಯ ಮಸೂದೆ ಸೊಸೆ, ಅಳಿಯಂದಿರನ್ನು ಸೇರಿಸಲು ಹೊರಟಿತ್ತು, ಅದು ಕಾಯಿದೆಯಾಗಲಿಲ್ಲ. ಆಗಿದ್ದರೂ ಅವಳ ಮೇಲೆ ಹೊಣೆಯೊಂದು ಬೀಳುತ್ತಿತ್ತೇ ಹೊರತು ಅವಳಿಗೆ ಒಂದು ಗಂಟೆಯ ವಿಶ್ರಾಂತಿಯೂ ದೊರೆಯುತ್ತಿರಲಿಲ್ಲ. ಪಿಂಚಣಿಯಾಗಲಿ, ಸಹಾಯವಾಣಿಯಾಗಲಿ, ಕಾಯಿದೆಯಾಗಲಿ ಎಲ್ಲವೂ ಕೈಬಿಟ್ಟವರನ್ನು ಕುರಿತು ಯೋಚಿಸಿವೆ. ಕೈಬಿಡದೆ ಉಳಿದವರನ್ನು ಕುರಿತು ಯೋಚಿಸುವ ಕೆಲಸ ಬಾಕಿ ಇದೆ.

ಹೊರ ನಾಡುಗಳಲ್ಲಿ ಈ ಯೋಚನೆ ನಡೆದಿದೆ. ಇಂಗ್ಲೆಂಡಿನಲ್ಲಿ 1995ರ ಕಾನೂನೊಂದು ಆರೈಕೆ ಮಾಡುವ ಮನೆಯವರ ಕಷ್ಟವನ್ನು ಪ್ರತ್ಯೇಕವಾಗಿ ವಿಚಾರಿಸಬೇಕೆಂಬ ನಿಯಮವನ್ನು ತಂದಿತು. ಜಪಾನು 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ವಿಮೆಯೊಂದನ್ನು ಜಾರಿಗೆ ಕೊಟ್ಟಿತು. 40 ವರ್ಷ ತುಂಬಿದವರೆಲ್ಲ ಅದಕ್ಕೆ ಹಣ ಕಟ್ಟುತ್ತಾರೆ. ಅಲ್ಲಿ ಬೆಳಿಗ್ಗೆ ಒಂದು ಸಣ್ಣ ವಾಹನ ಮನೆಬಾಗಿಲಿಗೆ ಬಂದು ವೃದ್ಧರನ್ನು ಹಗಲಿನ ಆರೈಕೆಯ ಕೇಂದ್ರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸ್ನಾನ, ಊಟ, ಆಟ, ಹರಟೆ. ಸಂಜೆ ಮತ್ತೆ ಮನೆ. ಅವು ಶ್ರೀಮಂತ ದೇಶಗಳು, ಅವರ ಹಾಗೆ ಇಲ್ಲಿ ಆಗದು ಎಂದು ತಳ್ಳಿಹಾಕುವ ಮೊದಲು ನೆರೆಯ ಕೇರಳದತ್ತ ನೋಡಬೇಕು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಸ್ವಯಂಸೇವಕರು ಸೇರಿ ನೋವು ಶಮನದ ಸಂಘವೊಂದನ್ನು ಕಟ್ಟಿದರು. ಆಸ್ಪತ್ರೆ ಗುಣಪಡಿಸಲಾರದೆ ಮನೆಗೆ ಕಳುಹಿಸಿದವರನ್ನು ಮನೆಯಲ್ಲಿಯೇ ಹೋಗಿ ನೋಡುವುದು ಅವರ ಕೆಲಸವಾಯಿತು. ಮಲಪ್ಪುರದಂಥ ಜಿಲ್ಲೆಗಳಲ್ಲಿ ಊರವರೇ ಚಂದಾ ಎತ್ತಿ, ತರಬೇತಿ ಪಡೆದು, ನರ್ಸುಗಳ ಜೊತೆಗೆ ಮನೆಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ನೀತಿಯನ್ನಾಗಿ ಮಾಡಿಕೊಂಡಿತು. ಪಂಚಾಯತಿಗಳು ಆ ಹೊಣೆಯನ್ನು ಹೊತ್ತವು. ಇದು ನಡೆದುದು ಹಣದ ಬಲದಿಂದಲ್ಲ, ಊರಿನ ಬಲದಿಂದ.

ಪೆರ್ಡೂರಿನಿಂದ ಮಣಿಪಾಲ ದೂರವಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ, ದೇಶದ ನಾನಾ ಕಡೆಯ ರೋಗಿಗಳು ಹುಡುಕಿಕೊಂಡು ಬರುವ ಆಸ್ಪತ್ರೆ ಈ ಜಿಲ್ಲೆಗೆ ದೊರೆತಿದೆ. ಮೂಳೆ ಮುರಿದಾಗ, ಎದೆನೋವು ಬಂದಾಗ ಅದರ ಬೆಲೆ ತಿಳಿಯುತ್ತದೆ. ಆದರೆ ಆಸ್ಪತ್ರೆ ಎಷ್ಟು ದೊಡ್ಡದಾಗಿದ್ದರೂ ಅದರ ಕೆಲಸ ಹತ್ತು ದಿನಗಳದು. ಆಮೇಲಿನ ಹತ್ತು ವರ್ಷ ಮನೆಯದು. ಹೋಮ್ ನರ್ಸನ್ನು ಇಟ್ಟುಕೊಳ್ಳುವ ಶಕ್ತಿ ಹೊರದೇಶದಲ್ಲಿ ಮಕ್ಕಳಿರುವ ಕೆಲವು ಮನೆಗಳಿಗೆ ಮಾತ್ರ ಇದೆ. ಬೀಡಿ ಕಟ್ಟುವ ಕೈಗೆ ಅದು ಎಟುಕುವುದಿಲ್ಲ.

ಊರಿನ ಮಟ್ಟದಲ್ಲಿ ಆಗಬೇಕಾದುದು ಇಲ್ಲಿಯೇ. ವಾರಕ್ಕೆ ಎರಡು ದಿನ, ಬೆಳಗಿನಿಂದ ಸಂಜೆಯವರೆಗೆ ಹಿರಿಯರನ್ನು ಕಳುಹಿಸಬಹುದಾದ ಒಂದು ಹಗಲುಮನೆ ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲಿಯೂ ಬೇಕು. ಹಾಸಿಗೆ ಬಿಟ್ಟೇಳಲಾರದವರ ಮನೆಗೆ ತರಬೇತಿ ಪಡೆದ ಒಬ್ಬಳು ಹೋಗಿ ಅಷ್ಟು ಹೊತ್ತು ಕುಳಿತು ಬರಬೇಕು. ಇದು ಹಗಲುಗನಸಿನಂತೆ ತೋರಬಹುದು. 1975ಕ್ಕೆ ಮುಂಚೆ, ಹಳ್ಳಿಯ ಮಕ್ಕಳನ್ನು ಹಗಲಿನಲ್ಲಿ ಬಿಡಲು ಊರಿಗೊಂದು ಮನೆ ಬೇಕೆಂದು ಯಾರಾದರೂ ಹೇಳಿದ್ದರೆ ಅದೂ ಹಗಲುಗನಸಿನಂತೆಯೇ ತೋರುತ್ತಿತ್ತು. ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಇಲ್ಲವೆ ಎಂದು ನಗುತ್ತಿದ್ದರು. ಆ ವರ್ಷ ಶಿಶು ಅಭಿವೃದ್ಧಿ ಯೋಜನೆ ಆರಂಭವಾಗಿ, ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಅಂಗನವಾಡಿಗಳು ತೆರೆದವು. ಇಂದು ಅಂಗನವಾಡಿಯಿಲ್ಲದ ಊರನ್ನು ಹುಡುಕಬೇಕು. 2023ರಲ್ಲಿ ರಾಜ್ಯ ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಿ, ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಕಂದಮ್ಮಗಳಿಗಾಗಿ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಿತು. ಕೂಸಿಗೊಂದು ಮನೆ ಕೊಟ್ಟ ಪಂಚಾಯತಿ ಅಜ್ಜಿಗೊಂದು ಮನೆ ಕೊಡಲಾರದೆ?

ಕಟ್ಟಡಕ್ಕೆ ಪರದಾಡಬೇಕಾಗಿಲ್ಲ. ಮಕ್ಕಳ ಸಂಖ್ಯೆ ಇಳಿದು ಕೊಠಡಿಗಳು ಬರಿದಾಗಿರುವ ಶಾಲೆಗಳು ಕರಾವಳಿಯಲ್ಲಿವೆ. ಭಜನಾ ಮಂದಿರಗಳಿವೆ, ಯುವಕ ಮಂಡಲದ ಕಟ್ಟಡಗಳಿವೆ. ಇಳಿಜಾರಿನ ಮೆಟ್ಟಿಲು, ಹಿಡಿದುಕೊಳ್ಳಲು ಸರಳು ಇರುವ ಒಂದು ಶೌಚಾಲಯ, ಮಲಗಲು ನಾಲ್ಕಾರು ಮಂಚಗಳಿದ್ದರೆ ಆರಂಭಕ್ಕೆ ಸಾಕು. ಕೆಲಸಕ್ಕೆ ಜನರೂ ಊರಿನಲ್ಲಿಯೇ ಇದ್ದಾರೆ. ಅತ್ತೆಯನ್ನೋ ತಾಯಿಯನ್ನೋ ಕೊನೆಯವರೆಗೂ ನೋಡಿಕೊಂಡು, ಈಗ ಮನೆಯಲ್ಲಿ ಒಬ್ಬಂಟಿಯಾಗಿ ಉಳಿದ ಹೆಂಗಸರಿಗಿರುವ ಅನುಭವ ಯಾವ ಪುಸ್ತಕದಲ್ಲಿಯೂ ಇಲ್ಲ. ಸಂಜೀವಿನಿಯಂಥ ಸ್ವಸಹಾಯ ಸಂಘಗಳ ಮೂಲಕ ಅವರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ನೇಮಿಸಬೇಕು. ಸಂಬಳವೆಂಬ ಮಾತನ್ನು ಒತ್ತಿ ಹೇಳಬೇಕಾಗಿದೆ. ಹೆಂಗಸರು ಮಾಡುವ ಆರೈಕೆಯನ್ನು ಸೇವೆಯೆಂದು ಹೊಗಳಿ ಪುಕ್ಕಟೆಯಾಗಿ ಪಡೆಯುವ ಅಭ್ಯಾಸ ಈ ದೇಶಕ್ಕೆ ಚೆನ್ನಾಗಿ ಅಂಟಿದೆ.

ಆಕ್ಷೇಪಣೆಗಳು ಬಂದೇ ಬರುತ್ತವೆ. “ಅತ್ತೆಯನ್ನು ಹೊರಗೆ ಕಳುಹಿಸಿಬಿಟ್ಟಳು” ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಭಯ ಎಲ್ಲಕ್ಕಿಂತ ದೊಡ್ಡದು. ವೃದ್ಧಾಶ್ರಮಕ್ಕೂ ಹಗಲುಮನೆಗೂ ಇರುವ ವ್ಯತ್ಯಾಸವನ್ನು ಜನ ತಿಳಿಯಲು ಕಾಲ ಬೇಕು. ವೃದ್ಧಾಶ್ರಮಕ್ಕೆ ಹೋದವರು ಮನೆ ಬಿಟ್ಟು ಹೋದರು. ಹಗಲುಮನೆಗೆ ಹೋದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿಯೇ ಇರುತ್ತಾರೆ. ಮಡಿ, ಜಾತಿಗಳ ತೊಡಕೂ ಇದ್ದೇ ಇದೆ. ಅದನ್ನು ಮುಚ್ಚಿಡುವುದರಿಂದ ಲಾಭವಿಲ್ಲ. ಒಬ್ಬರ ಕೈಯಿಂದ ನೀರು ಕುಡಿಯಲು ಇನ್ನೊಬ್ಬರು ಹಿಂಜರಿಯುವ ವಯಸ್ಸು ಅದು. ಆದರೆ ಶಾಲೆಯ ಬಿಸಿಯೂಟ ಮೊದಲಾದಾಗಲೂ ಇಂಥ ಮಾತುಗಳು ಅಲ್ಲಲ್ಲಿ ಎದ್ದವು. ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಂಡರು. ಕುಚ್ಚಲಕ್ಕಿ ಗಂಜಿ, ಚಟ್ನಿಗಳ ಮುಂದೆ ಅಜ್ಜಂದಿರೂ ಬಹಳ ದಿನ ಹಟ ಮಾಡಲಾರರು. ಹೋಗುವುದಿಲ್ಲವೆಂದು ಹಿರಿಯರೇ ಹೇಳಿದರೆ ಅವರ ಮಾತಿಗೆ ಬೆಲೆ ಕೊಡಬೇಕು. ಅವರ ಮನೆಗೆ ಆರೈಕೆಯವಳು ಹೋಗಬೇಕು. ಹಣ ಎಲ್ಲಿಂದ ಎಂಬುದೇ ಕಠಿಣವಾದ ಆಕ್ಷೇಪಣೆ. ಅದಕ್ಕೆ ಪಂಚಾಯತಿಯ ಅನುದಾನ, ದೇವಾಲಯಗಳ ನೆರವು, ಊರು ಬಿಟ್ಟುಹೋದ ಮಕ್ಕಳ ಕಾಣಿಕೆ ಮೂರೂ ಸೇರಬೇಕು. ಊರಿನ ಬ್ರಹ್ಮಕಲಶೋತ್ಸವಕ್ಕೆ, ಯಕ್ಷಗಾನದ ಆಟಕ್ಕೆ ಮುಂಬಯಿಯಿಂದ ಉದಾರವಾಗಿ ಹಣ ಕಳುಹಿಸುವವರು ಹಗಲುಮನೆಯ ಮುದುಕಿಯರನ್ನು ತಂದು ಬಿಡುವ ರಿಕ್ಷಾದ ಬಾಡಿಗೆಯನ್ನು ಕೊಡಲಾರರೆಂದು ನಂಬಲು ಕಾರಣವಿಲ್ಲ. ಆ ಮುದುಕಿಯರು ಅವರ ತಾಯಂದಿರೇ.

ಇಂಥ ಬೇಡಿಕೆಯನ್ನು ಇಡಲು ಕಾನೂನು ಒಂದು ವೇದಿಕೆಯನ್ನು ಕೊಟ್ಟಿದೆ. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ಅಲ್ಲಿ ರಸ್ತೆಯ ಗುಂಡಿ, ಬೀದಿದೀಪ, ಕುಡಿಯುವ ನೀರುಗಳ ಮಾತು ಬಿಸಿಬಿಸಿಯಾಗಿ ನಡೆಯುತ್ತದೆ. ಹಾಸಿಗೆ ಹಿಡಿದ ಅತ್ತೆಯ ಮಾತು ಏಳುವುದಿಲ್ಲ. ಅದಕ್ಕೆ ಕಾರಣ ಸರಳವಾದುದು: ಆ ಮಾತನ್ನು ಆಡಬೇಕಾದವಳು ಸಭೆಗೆ ಬರಲಾರಳು; ಅವಳು ಬಂದರೆ ಮನೆಯಲ್ಲಿ ಮಗ್ಗುಲು ಬದಲಿಸುವವರಿಲ್ಲ. ಆದುದರಿಂದ ಯಾವ ಯಾವ ಮನೆಯಲ್ಲಿ ಒಬ್ಬರನ್ನು ಇನ್ನೊಬ್ಬರು ಹೀಗೆ ನೋಡಿಕೊಳ್ಳುತ್ತಿದ್ದಾರೆ ಎಂಬ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರಿಂದ ಮಾಡಿಸಿ, ಗ್ರಾಮಸಭೆಯ ಮುಂದೆ ಓದಿಸುವುದು ಮೊದಲ ಕೆಲಸವಾಗಬೇಕು. ಮಕ್ಕಳಿಗೆಂದೇ ನಡೆಯುವ ಗ್ರಾಮಸಭೆಯೂ ಉಂಟು. ಅಲ್ಲಿ ಪ್ರೌಢಶಾಲೆಯ ಹುಡುಗ ಹುಡುಗಿಯರು ಆಟದ ಮೈದಾನವನ್ನು, ಶಾಲೆಗೆ ಆವರಣದ ಗೋಡೆಯನ್ನು ಕೇಳುತ್ತಾರೆ. ರಾತ್ರಿ ಅಜ್ಜಿ ಎಷ್ಟು ಸಲ ಕರೆದಳು, ಅಮ್ಮ ಎಷ್ಟು ಸಲ ಎದ್ದಳು ಎಂಬುದು ಪಕ್ಕದ ಕೋಣೆಯಲ್ಲಿ ಮಲಗಿದ ಆ ಮಕ್ಕಳಿಗೆ ತಿಳಿದಿರುತ್ತದೆ. ಅಮ್ಮನಿಗೆ ಬರಲಾಗದ ಸಭೆಗೆ ಅವರು ಬಂದಿರುತ್ತಾರೆ.